ಸುತ್ತಿಗೆ ಸಾಹೇಬರ ಬೆಸುಗೆ

ಮೂವತ್ತೊಂದು ವರ್ಷ ಒಬ್ಬ ಮನುಷ್ಯ ಕೈಯಲ್ಲಿ ಸುತ್ತಿಗೆ ಹಿಡಿದುಕೊಂಡೇ ಸಂಸಾರ ಸಾಗಿಸಿದ ಎಂದರೆ ಆತ ಬಡಗಿಯೋ ಕಮ್ಮಾರನೋ ಇರಬೇಕು ಎಂದುಕೊಳ್ಳುತ್ತೀರಿ. ಎಲ್ಲಿಯ ಬಡಗಿ! ನಮ್ಮ ಸುತ್ತಿಗೆ ಸಾಹೇಬರು ಆ ಸುತ್ತಿಗೆಯಿಂದ ಒಂದೇ ಒಂದು ಮೊಳೆ ಹೊಡೆದವರಲ್ಲ. ವಾಹನ ತಪಾಸಣೆ ಕಚೇರಿಯ ಅಂಗಳದಲ್ಲಿ ಸಾಲಾಗಿ ನಿಂತ ಲಾರಿಗಳ ಮೈಯನ್ನು ತಟ್ಟುವುದು ಅವರ ಕೆಲಸವಾಗಿತ್ತು. ಟಣ್ ಎಂದರೆ ತಗಡು, ದಪ್ ಎಂದರೆ ಪುಟ್ಟಿ. ತುಕ್ಕು ತಿಂದ ತೂತಿಗೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಬಳಿದು ತಂದ ಲಾರಿ ಬೇರೆಯವರ ಕಣ್ಣಿಗೆ ಹೊಸದಾಗಿ ಕಂಡರೂ ಸಾಹೇಬರ ಕಿವಿಗೆ ಸಿಕ್ಕಿಬೀಳುತ್ತಿತ್ತು. ದಪ್ ಎಂದ ಕೂಡಲೇ ಸುತ್ತಿಗೆಯ ಚೂಪು ತುದಿಯಿಂದ ಒಂದು ಕುಕ್ಕು. ಪುಟ್ಟಿ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಆಮೇಲೆ ಅಂಗಿಯ ಜೇಬಿನಿಂದ ಸೀಮೆಸುಣ್ಣ ತೆಗೆದು ಬಾಗಿಲ ಮೇಲೆ ಗೇಣುದ್ದದ ಇಂಟು ಮಾರ್ಕು ಎಳೆಯುತ್ತಿದ್ದರು.

ಅಷ್ಟಕ್ಕೇ ಬಿಟ್ಟಿದ್ದರೆ ಯಾರೂ ಬೈಯುತ್ತಿರಲಿಲ್ಲ. ಸಾಹೇಬರಿಗೆ ಭಾಷಣ ಬೇಕು. ಹತ್ತು ಜನ ಕೇಳುವಂತೆ, "ಇದು ಲಾರೀನೋ ಗೋಡೆನೋ? ಗೋಡೆ ಆದ್ರೆ ಮನೆ ಕಟ್ಕೊಳ್ಳಿ ಸ್ವಾಮಿ, ರೋಡಿಗ್ಯಾಕೆ ತರ್ತೀರಿ!" ಎನ್ನಬೇಕು. ಬೆಸುಗೆ ಹಾಕಿದವನನ್ನು ಮುಂದೆ ಕರೆಸಿ, ಉದುರಿದ ಪುಟ್ಟಿಯನ್ನು ಅವನ ಅಂಗೈಗೇ ಹಾಕಬೇಕು. ಲಂಚಕ್ಕೆ ಕೈಯೊಡ್ಡಿದವರಲ್ಲ, ಅದೊಂದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಆ ಒಂದು ಗುಣವನ್ನೇ ತಲೆಯ ಮೇಲೆ ಹೊತ್ತುಕೊಂಡು ಊರೆಲ್ಲ ಮೆರೆದರೆ ಎಷ್ಟು ದಿನ ಅಂತ ಸಹಿಸೋದು? ಮನೆಗೆ ಹೊಸ ಫ್ರಿಜ್ಜು ಬಂದ ದಿನ ಅದರ ಮೈಯನ್ನೂ ತಟ್ಟಿ ನೋಡಿದ ಮಹಾಶಯ ಇವರು. "ರೀ, ನನ್ನ ತಲೆ ಒಂದು ಬಾಕಿ ಇದೆ, ತಟ್ಟಿಬಿಡಿ" ಎಂದು ಹೆಂಡತಿ ಹೇಳಿದ್ದು ಇಡೀ ಬೀದಿಗೆ ಗೊತ್ತು.

ಸಾಹೇಬರನ್ನು ನಿಜವಾಗಿ ನಂಬಿದ್ದವಳು ಒಬ್ಬಳೇ, ಮಗಳು. ಚಿಕ್ಕವಳಿದ್ದಾಗ ಶನಿವಾರ ಶನಿವಾರ ಅಪ್ಪನ ಜೊತೆ ಕಚೇರಿಯ ಅಂಗಳಕ್ಕೆ ಹೋಗುತ್ತಿದ್ದಳು. ಕಣ್ಣು ಮುಚ್ಚಿಕೊಂಡು ನಿಂತು, ಅಪ್ಪ ತಟ್ಟಿದ ಸದ್ದಿಗೆ "ತಗಡು", "ಪುಟ್ಟಿ" ಎಂದು ಕೂಗುತ್ತಿದ್ದಳು. ತಪ್ಪು ಹೇಳಿದ್ದು ಕಡಿಮೆ. ಆ ಅಂಗಳದಲ್ಲೇ ಅವಳಿಗೆ ಲಾರಿಯ ಹುಚ್ಚು ಹತ್ತಿತು. ಬೆಳೆದು ಲಾರಿ ಓಡಿಸುವ ಕೆಲಸಕ್ಕೇ ಸೇರಿದಳು, ಮೊನ್ನೆ ಮೊನ್ನೆ ಸ್ವಂತಕ್ಕೊಂದು ಹಳೆಯ ಲಾರಿಯನ್ನೂ ಕೊಂಡಳು.

ಆ ಲಾರಿಯನ್ನು ಆರಿಸಿಕೊಟ್ಟವರು ಯಾರು ಅಂದುಕೊಂಡಿರಿ? ಇನ್ಯಾರು! ಸುತ್ತಿಗೆ ಹಿಡಿದು ಗತ್ತಿನಿಂದ ಲಾರಿಯ ಸುತ್ತ ಮೂರು ಸುತ್ತು ಬಂದು, ಟಣ್ ಟಣ್ ಎನ್ನಿಸಿ, "ಕಣ್ಣು ಮುಚ್ಕೊಂಡು ತಗೋಮ್ಮ, ನಾನಿದ್ದೀನಿ" ಎಂದವರು ಅವರೇ. ಡ್ರೈವರ್ ಸೀಟಿನ ಕೆಳಗೆ ರಬ್ಬರ್ ಹಾಸು ಎತ್ತಿ ನೋಡಬೇಕಿತ್ತು. ಮಂಡಿ ನೋವು ಎಂದು ಬಗ್ಗಲಿಲ್ಲ. ಬೇರೆಯವರ ಲಾರಿ ಆಗಿದ್ದರೆ ತೆವಳಿಕೊಂಡಾದರೂ ಒಳಗೆ ಹೋಗುತ್ತಿದ್ದರು.

ಮೂರನೆಯ ತಿಂಗಳು ಮಗಳ ಹಿಮ್ಮಡಿ ಹಾಸಿನ ಸಮೇತ ಲಾರಿಯ ನೆಲದೊಳಕ್ಕೆ ಇಳಿಯಿತು. ಹಾಸು ಎತ್ತಿದರೆ ಕೆಳಗಿನ ರಸ್ತೆ ಕಾಣಿಸಿತು. ಬಾಗಿಲ ಕೆಳಗಿನ ಅಂಚು, ಮೆಟ್ಟಿಲು, ಸೀಟಿನ ಕಾಲು ಕೂತ ಮೂಲೆ, ಎಲ್ಲ ತುಕ್ಕು. ಆ ಹೊತ್ತಿಗೆ ಬ್ರೆಡ್ಡು ಕಾರ್ಖಾನೆಯವರು ದಿನದಿನದ ಲೋಡನ್ನು ಅವಳಿಗೇ ಕೊಡುವುದಾಗಿ ಮಾತು ಕೊಟ್ಟಿದ್ದರು. ಒಂದೇ ಷರತ್ತು, ಹನ್ನೆರಡು ದಿನದೊಳಗೆ ತಪಾಸಣೆಯ ಸರ್ಟಿಫಿಕೇಟು ತಂದು ತೋರಿಸಬೇಕು. ಇಲ್ಲದಿದ್ದರೆ ಆ ಲೋಡು ಬಾಗಿಲಲ್ಲೇ ಕಾಯುತ್ತಿದ್ದ ಇನ್ನೊಬ್ಬನ ಪಾಲು.

"ನಾಲ್ಕು ದಿನದ ಕೆಲ್ಸ. ನಾನು ಹೇಳಿದ್ರೆ ಯಾವ ಶೆಡ್ಡಿನವನು ಇಲ್ಲ ಅಂತಾನೆ?" ಎಂದು ಸಾಹೇಬರು ಹೊರಟರು.

ಎಲ್ಲರೂ ಇಲ್ಲ ಅಂದರು. ಒಬ್ಬ ಮೇಸ್ತ್ರಿ ಸಾಹೇಬರನ್ನು ಕಂಡದ್ದೇ ಶಟರ್ ಎಳೆದ. ಇನ್ನೊಬ್ಬ ಬಹಳ ವಿನಯದಿಂದ, "ನಮ್ಮದು ಗೋಡೆ ಕೆಲ್ಸ ಸಾಹೇಬ್ರೇ, ಲಾರಿ ಕೆಲ್ಸ ಬರಲ್ಲ" ಎಂದ. ಮೂರನೆಯವನು ಟೀ ತರಿಸಿ ಕುಡಿಸಿ, ತಾನು ಕೆಲಸ ಕಲಿತ ಕಥೆಯನ್ನೆಲ್ಲ ಹೇಳಿ, ಕೊನೆಗೆ ಇಲ್ಲ ಅಂದ. ಬೀದಿಯ ತುದಿಯ ಶೆಡ್ಡೊಂದು ಉಳಿದಿತ್ತು, ವೆಲ್ಡಿಂಗ್ ಅಕ್ಕನದು. ಗಂಡ ಬೆನ್ನು ಮುರಿದುಕೊಂಡು ಮನೆ ಹಿಡಿದ ಮೇಲೆ ಮೆಷಿನ್ನು ಕೈಗೆತ್ತಿಕೊಂಡ ಹೆಂಗಸು. ಹದಿನಾರು ವರ್ಷದ ಹಿಂದೆ ಅವಳ ಮೊಟ್ಟಮೊದಲ ಕೆಲಸಕ್ಕೆ ಇಂಟು ಮಾರ್ಕು ಎಳೆದು, ಅಷ್ಟೂ ಗಂಡಸರ ಮುಂದೆ ಅವಳ ಅಂಗೈಗೆ ಪುಟ್ಟಿ ಸುರಿದವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ಅಕ್ಕ ಮುಖದ ಮೇಲಿನ ವೆಲ್ಡಿಂಗ್ ಮುಸುಕು ಮೇಲೆತ್ತಿ ಸಾಹೇಬರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಶೆಡ್ಡಲ್ಲಿ ಜಾಗ ಕೊಡ್ತೀನಿ. ಮೆಷಿನ್ ಕೊಡ್ತೀನಿ. ತಗಡೂ ಕೊಡ್ತೀನಿ. ಕೆಲ್ಸ ಮಾತ್ರ ಮಾಡಿಕೊಡಲ್ಲ."

"ಮತ್ತೆ ಯಾರಮ್ಮ ಮಾಡೋದು?"

"ನೀವೇ. ಮೂವತ್ತು ವರ್ಷ ಎಲ್ಲರಿಗೂ ಹೇಳಿಕೊಟ್ಟಿದ್ದೀರಲ್ಲ, ಹೀಗಲ್ಲ ಹಾಗೆ ಅಂತ. ಈಗ ಹಾಗೆ ಮಾಡಿ, ನಾನೂ ನೋಡಿ ಕಣ್ಣು ತುಂಬ್ಕೋತೀನಿ."

ಬೇರೆ ಯಾರಾದರೂ ತಲೆ ತಗ್ಗಿಸಿ ಮನೆಗೆ ಹೋಗುತ್ತಿದ್ದರು. ಸಾಹೇಬರು ಅಂಗಿಯ ತೋಳು ಮಡಿಚಿದರು. ಇಂಥ ಓದಿಲ್ಲದವರೆಲ್ಲ ಮಾಡುವ ಕೆಲಸ, ತನಗೇನು ಮಹಾ ಎಂಬುದು ಅವರ ಲೆಕ್ಕಾಚಾರ. ಮನೆಗೆ ಹೋಗಿ ಹೆಂಡತಿಗೂ ಹಾಗೆಯೇ ಹೇಳಿದರು. ಆಕೆ ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಬಲ್ಬ್ ಬದಲಾಯಿಸೋಕೆ ಎದುರುಮನೆಯವರನ್ನ ಕರೀತೀರಲ್ಲ ರೀ!" ಎಂದಳು.

ಮೊದಲನೆಯ ದಿನ ಮುಸುಕು ಇಳಿಸುವ ಮೊದಲೇ ಗುಂಡಿ ಒತ್ತಿದರು. ನಾಲ್ಕು ಸಲ ಹಾಗಾಯಿತು. ಸಂಜೆಗೆ ಕಣ್ಣಲ್ಲಿ ಮರಳು ಸುರಿದಂತಾಗಿ, ಕೆಂಪಗೆ ಊದಿ, ನೀರು ಸುರಿಸುತ್ತ ಮನೆಗೆ ಬಂದರು. ಎರಡನೆಯ ದಿನವೆಲ್ಲ ಒದ್ದೆ ಬಟ್ಟೆ ಕಣ್ಣಿಗೆ ಹಾಕಿಕೊಂಡು ಮಲಗಿ, ಮುಸುಕಿನ ಗಾಜೇ ಸರಿಯಿಲ್ಲ ಎಂದು ಗೊಣಗಿದರು. ಮೂರನೆಯ ದಿನ ಅಕ್ಕ ಅವರಿಗೆ ಹರಿದ ತಗಡಿನ ಎರಡು ತುಂಡು ಕೊಟ್ಟು, ಅಂಚಿಗೆ ಅಂಚು ಸೇರಿಸಿ ಕೂಡಿಸಿ ಎಂದಳು. ಮೆಷಿನ್ನಿನ ಮೂತಿಯಿಂದ ತಂತಿ ತಾನಾಗಿ ಬರುತ್ತದೆ, ಕಿಡಿ ತಾನಾಗಿ ಹೊತ್ತುತ್ತದೆ, ಕೈ ಹಿಡಿತದಲ್ಲಿದ್ದರೆ ಸಾಕು. ಸಾಹೇಬರು ತಂತಿಯನ್ನು ಒಂದೇ ಕಡೆ ಹಿಡಿದು ನಿಂತರು. ತಗಡು ಕೆಂಪಾಯಿತು, ಬಿಳಿಯಾಯಿತು, ತೊಟ್ಟಿಕ್ಕಿತು. ಕೂಡಿಸಬೇಕಾದ ಜಾಗದಲ್ಲಿ ಹೆಬ್ಬೆಟ್ಟು ತೂರುವಷ್ಟು ತೂತು. ಆ ತೂತು ಮುಚ್ಚಲು ಹೋಗಿ ಅದರ ಪಕ್ಕ ಇನ್ನೊಂದು.

"ಭೇಷ್. ತುಕ್ಕಿಗೆ ಹತ್ತು ವರ್ಷ ಬೇಕು ಇದಕ್ಕೆ. ನೀವು ಹತ್ತು ನಿಮಿಷದಲ್ಲಿ ಮುಗಿಸಿದ್ರಿ," ಎಂದಳು ಅಕ್ಕ.

ಅಕ್ಕ ಕಲಿಸುವ ರೀತಿಯೂ ಅವಳದೇ. ತಾನಾಗಿ ಏನೂ ಹೇಳುವುದಿಲ್ಲ. ಕೆಡಿಸಿದ ಮೇಲೆ ಬಂದು, ಕೆಟ್ಟದ್ದನ್ನು ಎತ್ತಿ ಬೆಳಕಿಗೆ ಹಿಡಿದು, ಯಾಕೆ ಕೆಟ್ಟಿತೆಂದು ಒಂದೇ ಮಾತಿನಲ್ಲಿ ಹೇಳಿ ಹೋಗುತ್ತಾಳೆ. ಆ ಮಾತನ್ನು ಎರಡನೆಯ ಸಲ ಕೇಳಿದರೆ ಕಿವಿ ಕೇಳಿಸದವಳಂತೆ ಗ್ರೈಂಡರ್ ಹಚ್ಚುತ್ತಾಳೆ. ಸಾಹೇಬರು ಚೀಟಿಯಲ್ಲಿ ಬರೆದುಕೊಳ್ಳತೊಡಗಿದರು. ಚೀಟಿಗೆ ಕಿಡಿ ಹಾರಿ ಸುಟ್ಟಿತು.

ಐದನೆಯ ದಿನ ತೂತು ಬೀಳುವುದು ನಿಂತಿತು. ತಕ್ಷಣ ಸಾಹೇಬರಿಗೆ ಎರಡು ಕೊಂಬು ಬಂದವು. ಬಾಗಿಲ ಕೆಳಭಾಗಕ್ಕೆ ಮೊಳದುದ್ದದ ತಗಡು ಕತ್ತರಿಸಿಟ್ಟು, ಈ ತುದಿಯಿಂದ ಆ ತುದಿಯವರೆಗೆ ಕೈ ಎತ್ತದೆ ಒಂದೇ ಉಸಿರಿಗೆ ಬೆಸೆದರು. ಗೆರೆ ನೇರವಾಗಿತ್ತು. ಎದೆಯುಬ್ಬಿಸಿ, ಬಾಯಲ್ಲಿ ಹಾಡು ಗುನುಗುತ್ತ ಟೀ ಕುಡಿಯಲು ಹೋದರು. ವಾಪಸು ಬರುವಷ್ಟರಲ್ಲಿ ತಗಡು ಒದ್ದೆಯಾಗಿ ಒಣಗಿದ ಪುಸ್ತಕದ ರಟ್ಟಿನಂತೆ ಸೊಟ್ಟಗೆ ಮುದುಡಿತ್ತು. ಬಾಗಿಲು ಹಾಕಲು ಹೋದರೆ ಬಾಗಿಲೇ ಕೂರಲಿಲ್ಲ.

"ತೆಳು ತಗಡು ಬಿಸಿ ತಡೆಯಲ್ಲ. ಗೆರೆ ಎಳೀಬಾರದು. ಇಲ್ಲೊಂದು ಚುಕ್ಕಿ, ಅಷ್ಟು ದೂರ ಹೋಗಿ ಇನ್ನೊಂದು ಚುಕ್ಕಿ. ಆರಲಿ ಅಂತ ಸುಮ್ನೆ ಕೂರಬೇಕು. ಆಮೇಲೆ ನಡುವೆ ಇನ್ನೊಂದು," ಎಂದಳು ಅಕ್ಕ. "ಸುಮ್ನೆ ಕೂರೋದು ನಿಮ್ಮ ಜಾತಕದಲ್ಲೇ ಇಲ್ವಲ್ಲ," ಎಂದು ಸೇರಿಸಿದಳು.

ಇಡೀ ತಗಡನ್ನು ಕಿತ್ತು ಮತ್ತೆ ಮಾಡಿದರು. ಒಂದು ಚುಕ್ಕಿ, ಒದ್ದೆ ಬಟ್ಟೆ, ಕಾಯುವುದು. ಇನ್ನೊಂದು ಚುಕ್ಕಿ, ಒದ್ದೆ ಬಟ್ಟೆ, ಕಾಯುವುದು. ಅಂಗಿಯ ತೋಳಲ್ಲಿ ಕಿಡಿ ಬಿದ್ದು ತೂತುಗಳಾದವು, ಬೆರಳುಗಳಲ್ಲಿ ಬೊಬ್ಬೆ ಎದ್ದವು. ನಿಜ ಹೇಳಬೇಕೆಂದರೆ ಒಂಬತ್ತನೆಯ ದಿನಕ್ಕೆ ಬಾಗಿಲ ಅಂಚೂ ಮೆಟ್ಟಿಲೂ ತಕ್ಕಮಟ್ಟಿಗೆ ಗಟ್ಟಿಯಾದವು. ಸಾಹೇಬರು ಸುತ್ತಿಗೆ ತೆಗೆದು ತಟ್ಟಿದರು. ಟಣ್. ಇನ್ನೊಂದು ಸಲ ತಟ್ಟಿದರು, ಅಕ್ಕನಿಗೆ ಕೇಳಿಸಲಿ ಎಂದು. ಜೀವಮಾನದಲ್ಲಿ ತಾನು ಮಾಡಿದ್ದೊಂದು ಟಣ್ ಎಂದದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂತು. ಹೊಗೆ ಅಂದರು.

ಆ ಸಂತೋಷವನ್ನು ಜೋಪಾನವಾಗಿ ಇಟ್ಟುಕೊಂಡಿದ್ದರೆ ಆಗಿತ್ತು. ಪಕ್ಕದ ಶೆಡ್ಡಿಗೆ ಹೋಗಿ ಮೇಸ್ತ್ರಿಗೆ ಚುಕ್ಕಿ ಹಾಕುವ ಬಗ್ಗೆ ಮುಕ್ಕಾಲು ಗಂಟೆ ಪಾಠ ಮಾಡಿದರು. ಆತ ಆ ಕೆಲಸಕ್ಕೆ ಕೈಹಾಕಿ ಇಪ್ಪತ್ತೆರಡು ವರ್ಷವಾಗಿತ್ತು.

ಹತ್ತನೆಯ ದಿನ ಸೀಟಿನ ಕೆಳಗಿನ ಮೂಲೆಗೆ ಬಂದರು. ಬಗ್ಗಬೇಕು, ಮಂಡಿಯೂರಬೇಕು, ಕುತ್ತಿಗೆ ಸೊಟ್ಟ ಮಾಡಿಕೊಂಡು ಕಾಣದ ಕಡೆ ಕೈ ತೂರಿಸಬೇಕು. ಅಲ್ಲಿನ ತಗಡು ಮುಟ್ಟಿದರೆ ಪುಡಿಯಾಗುತ್ತಿತ್ತು. ಅಕ್ಕ ಬಗ್ಗಿ ನೋಡಿ ಬೆರಳಲ್ಲಿ ಒಂದು ಗೆರೆ ತೋರಿಸಿದಳು.

"ಇಲ್ಲೀವರೆಗೂ ಕತ್ತರಿಸಿ ತೆಗೀರಿ. ಒಳ್ಳೆ ಕಬ್ಬಿಣ ಸಿಗೋವರೆಗೂ. ಸೀಟ್ ಬಿಚ್ಚಿ, ಎರಡು ದಿನದ ಕೆಲ್ಸ."

"ಅಷ್ಟು ಯಾಕಮ್ಮ? ಇಷ್ಟು ತೆಗೆದ್ರೆ ಸಾಕು."

"ತುಕ್ಕಿನ ಮೇಲೆ ಬೆಸುಗೆ ಕೂರಲ್ಲ ಸಾಹೇಬ್ರೇ. ನಿಮ್ಮ ಬಾಯಲ್ಲೇ ಕೇಳಿದ್ದು ನಾನು." ಅಷ್ಟು ಹೇಳಿ ಹೋದಳು.

ಸಾಹೇಬರು ಇಷ್ಟೇ ತೆಗೆದರು. ತೇಪೆ ಇಟ್ಟು ಚುಕ್ಕಿ ಹಾಕಿದರೆ ಪಕ್ಕದ ತುಕ್ಕು ಸುಟ್ಟು ತೂತಾಯಿತು. ಅದನ್ನು ಮುಚ್ಚಿದರೆ ಆಚೆ ಕಡೆ ಬಾಯಿಬಿಟ್ಟಿತು. ಹತ್ತನೆಯ ದಿನ ಹೋಯಿತು. ಹನ್ನೊಂದನೆಯ ದಿನ ಮಧ್ಯಾಹ್ನಕ್ಕೆ ತೇಪೆ ಮೂರು ಕಡೆ ಹಿಡಿದಿತ್ತು, ನಾಲ್ಕನೆಯ ಕಡೆ ಗಾಳಿಯಲ್ಲಿತ್ತು. ಬೆಳಗಾದರೆ ತಪಾಸಣೆ. ಅಕ್ಕ ಸಾಮಾನು ತರಲು ಹೋಗಿದ್ದಳು. ಕಪಾಟಿನ ಮೇಲೆ ಪುಟ್ಟಿಯ ಡಬ್ಬಿ ಇತ್ತು.

ಆ ಡಬ್ಬಿಯನ್ನು ಮೂವತ್ತೊಂದು ವರ್ಷ ಬೈದ ಮನುಷ್ಯ ಎಡಗಡೆ ನೋಡಿದರು, ಬಲಗಡೆ ನೋಡಿದರು, ಮುಚ್ಚಳ ತೆಗೆದರು. ಎಷ್ಟು ಸಲೀಸಾಗಿ ಕೂತಿತು ಅಂತೀರಿ! ಬಿಸಿಯಿಲ್ಲ, ಕಿಡಿಯಿಲ್ಲ, ಕಾಯುವುದಿಲ್ಲ. ಹೆಬ್ಬೆರಳಲ್ಲಿ ಒತ್ತಿದರೆ ಮುಗಿಯಿತು. ಸಂಜೆಗೆ ಉಜ್ಜಿ ಕಪ್ಪು ಬಣ್ಣ ಬಳಿದು, ಮೇಲೆ ರಬ್ಬರ್ ಹಾಸು ಎಳೆದರು. ಇದು ಬರೀ ನಾಳೆಯ ಮಟ್ಟಿಗೆ, ಆಮೇಲೆ ನಿಧಾನವಾಗಿ ಸರಿಮಾಡಿದರಾಯಿತು ಎಂದು ತಮಗೆ ತಾವೇ ಹೇಳಿಕೊಂಡರು. ಇದೇ ಮಾತನ್ನು ಎಷ್ಟು ಮೇಸ್ತ್ರಿಗಳ ಬಾಯಿಂದ ಕೇಳಿ ಗಹಗಹಿಸಿ ನಕ್ಕಿದ್ದರೋ.

ಅಷ್ಟರಲ್ಲಿ ಮಗಳು ಬಂದಳು. ಬಾಗಿಲು ತೆಗೆದು ಹಾಕಿ, ಮೆಟ್ಟಿಲ ಮೇಲೆ ಹತ್ತಿ ಕುಣಿದು, ಅಪ್ಪನ ಬೊಬ್ಬೆ ಬಿದ್ದ ಕೈ ಹಿಡಿದುಕೊಂಡಳು.

"ಇದೆಲ್ಲ ನೀನೇ ಮಾಡಿದ್ದಾ ಅಪ್ಪ? ಆಣೆಗೂ?"

"ಮತ್ತೆ? ತಟ್ಟಿ ನೋಡು ಬೇಕಾದ್ರೆ," ಎಂದರು ಸಾಹೇಬರು, ಬಾಗಿಲನ್ನು ತೋರಿಸಿ.

"ಹೋಗಪ್ಪ. ನೀನು ಮಾಡಿದ್ದನ್ನ ನಾನು ತಟ್ಟಿ ನೋಡೋದಾ!"

ಸಾಹೇಬರಿಗೆ ಒಳಗೆ ಏನೋ ಚುಚ್ಚಿತು. ಹೇಳಿಬಿಡೋಣ ಎಂದುಕೊಂಡರು. ಬಾಯಿ ತೆರೆದರು ಕೂಡ. ಮಗಳ ಮುಖ ಅಷ್ಟು ಅರಳಿತ್ತು. ಆ ಮುಖ ಹಾಗೆಯೇ ಇರಲಿ ಎಂಬ ಆಸೆಗೆ ಬಾಯಿ ಮುಚ್ಚಿಕೊಂಡರು. ಮಗಳ ಮೇಲಿನ ಪ್ರೀತಿ ಅಂತ ಅದಕ್ಕೆ ಹೆಸರಿಟ್ಟುಕೊಂಡರು. ಪ್ರೀತಿಯೂ ಅಲ್ಲ, ಮಣ್ಣೂ ಅಲ್ಲ. ತನ್ನನ್ನು ದೊಡ್ಡ ಮನುಷ್ಯ ಎಂದುಕೊಂಡಿರುವ ಕೊನೆಯ ಒಬ್ಬಳು ಕೈತಪ್ಪಿ ಹೋಗುತ್ತಾಳೆಂಬ ಹೆದರಿಕೆ, ಅಷ್ಟೆ. ಸಾಮಾನು ಹೊತ್ತು ಬಂದ ಅಕ್ಕ ಕಪಾಟಿನ ಕಡೆ ಒಮ್ಮೆ ನೋಡಿದಳು, ಸಾಹೇಬರ ಹೆಬ್ಬೆರಳ ಉಗುರಿನ ಕಡೆ ಒಮ್ಮೆ ನೋಡಿದಳು. ಡಬ್ಬಿಯ ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡಿಟ್ಟು ಕೆಲಸಕ್ಕೆ ಕೂತಳು.

ಮರುದಿನ ಬೆಳಿಗ್ಗೆ ತಪಾಸಣೆ ಕಚೇರಿಯ ಅಂಗಳದಲ್ಲಿದ್ದವನು ಸಾಹೇಬರ ಶಿಷ್ಯನೇ. ಇವರು ನಿವೃತ್ತಿಯಾದ ಮೇಲೆ ಅದೇ ಕುರ್ಚಿಯಲ್ಲಿ ಕೂತವನು. ಓಡಿಬಂದು ಕುರ್ಚಿ ಹಾಕಿದ, ನೀರು ತರಿಸಿದ. ದೀಪ ನೋಡಿದ, ಬ್ರೇಕು ನೋಡಿದ, ಟಯರು ನೋಡಿದ, ಕಾಗದದ ಮೇಲೆ ಬರೆಯತೊಡಗಿದ.

"ತಟ್ಟಲ್ವಾ?" ಎಂದಳು ಮಗಳು.

"ಸಾಹೇಬ್ರೇ ಸ್ವಂತ ಕೈಯಿಂದ ಬೆಸೆದ ಗಾಡೀನ ನಾನು ತಟ್ಟೋದಾ? ಎಲ್ಲಾದ್ರೂ ಉಂಟೇನಮ್ಮ? ತಗೊಳ್ಳಿ, ಪಾಸ್."

ಸಾಹೇಬರು ಆಗಲೇ ಎದ್ದು ನಿಂತಿದ್ದರು. ಕಾಗದ ಕೈಗೆ ಬಂದರೆ ಸಾಕು, ಒಂದು ವಾರದೊಳಗೆ ಆ ಮೂಲೆಯನ್ನು ಕತ್ತರಿಸಿ ತೆಗೆಯುವುದೇ ಎಂದು ಎಲ್ಲ ದೇವರಿಗೂ ಒಟ್ಟಿಗೇ ಮಾತು ಕೊಡುತ್ತಿದ್ದರು. ಆದರೆ ಮಗಳು ಕಾಗದ ತೆಗೆದುಕೊಳ್ಳಲಿಲ್ಲ. ಸಾಲಿನಲ್ಲಿ ನಿಂತ ಬೇರೆ ಲಾರಿಯವರು ಮುಸಿಮುಸಿ ನಗುತ್ತಿದ್ದುದು ಅವಳ ಕಣ್ಣಿಗೆ ಬಿದ್ದಿತ್ತು.

"ನಮ್ಮಪ್ಪ ಇಷ್ಟು ವರ್ಷದಲ್ಲಿ ಯಾರ ಗಾಡೀನೂ ತಟ್ಟದೆ ಬಿಟ್ಟವರಲ್ಲ," ಎಂದಳು, ಅವರಿಗೆಲ್ಲ ಕೇಳಿಸುವಂತೆ. "ನಮ್ಮದನ್ನ ಬಿಟ್ರೆ ಜನ ಏನಂದುಕೊಳ್ಳಲ್ಲ? ಕೊಡಪ್ಪ ಇಲ್ಲಿ ಸುತ್ತಿಗೆ. ಎಲ್ಲರೂ ಕೇಳಿಸಿಕೊಳ್ಳಲಿ ನಿನ್ನ ಕೆಲ್ಸ."

"ಬೇಡ ಬಾಮ್ಮ. ಹೊತ್ತಾಯ್ತು. ಅಮ್ಮ ಕಾಯ್ತಿರ್ತಾಳೆ," ಎಂದರು ಸಾಹೇಬರು.

ಅವರ ಚೀಲದಿಂದ ಸುತ್ತಿಗೆ ಅವಳ ಕೈಗೆ ಹೋಗಿಯಾಗಿತ್ತು. ಬಾಗಿಲ ಅಂಚು ತಟ್ಟಿದಳು, ಟಣ್. ಮೆಟ್ಟಿಲು, ಟಣ್. ಪ್ರತಿ ಸಲ ತಟ್ಟಿದಾಗಲೂ ಸಾಲಿನವರ ಕಡೆ ತಿರುಗಿ ಹೆಮ್ಮೆಯಿಂದ ನೋಡುತ್ತಿದ್ದಳು. ಮೇಲೆ ಹತ್ತಿ ರಬ್ಬರ್ ಹಾಸು ಸರಿಸಿದಳು. ಸಾಹೇಬರು ನೆಲ ನೋಡಿದರು.

ದಪ್.

ಅವಳು ತಾನು ತಟ್ಟಿದ್ದೇ ಸರಿಯಾಗಲಿಲ್ಲವೇನೋ ಎಂಬಂತೆ ಒಂದಿಷ್ಟು ಪಕ್ಕಕ್ಕೆ ತಟ್ಟಿದಳು. ದಪ್. ಆಮೇಲೆ ಕಣ್ಣು ಮುಚ್ಚಿಕೊಂಡು ಮೂರನೆಯ ಸಲ ತಟ್ಟಿದಳು, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ. ಸುತ್ತಿಗೆಯನ್ನು ತಿರುಗಿಸಿ ಚೂಪು ತುದಿಯಿಂದ ಕುಕ್ಕಿದಾಗ ಪುಟ್ಟಿ ಉದುರಿತು. ತೂತಿನಿಂದ ಕೆಳಗಿನ ನೆಲ ಕಾಣಿಸಿತು.

"ಇರಲಿ ಬಿಡಿ ಅಮ್ಮ," ಎಂದ ಶಿಷ್ಯ, ಮೆಲ್ಲಗೆ. "ಪಾಸ್ ಬರೆದಾಯ್ತು. ಆಮೇಲೆ ಸರಿಮಾಡಿಸಿಕೊಳ್ಳಿ. ಸಾಹೇಬ್ರ ಮರ್ಯಾದೆ..."

"ಹರಿದುಹಾಕಿ," ಎಂದಳು.

ಕೆಳಗಿಳಿದು ಬಂದು ಅಪ್ಪನ ಅಂಗಿಯ ಜೇಬಿಗೆ ಕೈಹಾಕಿದಳು. ಸೀಮೆಸುಣ್ಣ ಅಲ್ಲೇ ಇತ್ತು, ಈಗಲೂ ಇಟ್ಟುಕೊಂಡು ತಿರುಗುತ್ತಿದ್ದರು. ತನ್ನ ಲಾರಿಯ ಬಾಗಿಲ ಮೇಲೆ ಗೇಣುದ್ದದ ಇಂಟು ಮಾರ್ಕು ಎಳೆದಳು. ಸಾಲಿನವರು ನಗಲಿಲ್ಲ. ನಕ್ಕಿದ್ದರೆ ಸಾಹೇಬರಿಗೆ ಅದೇ ವಾಸಿಯಾಗುತ್ತಿತ್ತು, ಬೈಯಲಾದರೂ ಯಾರಾದರೂ ಸಿಗುತ್ತಿದ್ದರು.

ವಾಪಸು ಬರುವಾಗ ಅವಳು ಆ ಸೀಟಿನಲ್ಲೇ ಕೂತು, ಆ ತೂತಿನ ಪಕ್ಕ ಕಾಲಿಟ್ಟು ಓಡಿಸಿದಳು. ಬ್ರೆಡ್ಡು ಕಾರ್ಖಾನೆಯ ತಿರುವು ಬಂತು. ತಿರುಗಿಸದೆ ಮುಂದೆ ಹೋದಳು. ಸಾಹೇಬರು ಗಂಟಲು ಸರಿಮಾಡಿಕೊಂಡು, ದಿನ ಕಡಿಮೆಯಾಯಿತು, ಮಂಡಿ ನೋವು, ಬರೀ ಒಂದು ವಾರದ ಮಟ್ಟಿಗೆ ಎಂದೆಲ್ಲ ಶುರುಮಾಡಿದರು. ಅವಳು ಪೂರ್ತಿ ಹೇಳಲು ಬಿಟ್ಟಳು.

"ನನ್ನ ಸೀಟಿನ ಕೆಳಗೆ, ಅಪ್ಪ," ಎಂದಳು ಕೊನೆಗೆ.

ಲಾರಿ ಶೆಡ್ಡಿನ ಮುಂದೆ ನಿಂತಿತು. ಅಕ್ಕ ಬಾಗಿಲ ಮೇಲಿನ ಇಂಟು ಮಾರ್ಕನ್ನು ನೋಡಿ ಸೊಂಟಕ್ಕೆ ಕೈಕೊಟ್ಟು ನಿಂತಳು. ಹದಿನಾರು ವರ್ಷದಿಂದ ಕೂಡಿಟ್ಟ ಮಾತು ನಾಲಗೆಯ ತುದಿಗೆ ಬಂದಿರಲೇಬೇಕು. ಇಳಿದು ಬಂದ ಮಗಳ ಮುಖ ನೋಡಿ ನುಂಗಿಕೊಂಡಳು. ಒಳಗೆ ಹೋಗಿ ಸ್ಪ್ಯಾನರ್ ತಂದು, ಇಬ್ಬರು ಹೆಂಗಸರೂ ಸೇರಿ ಸೀಟು ಬಿಚ್ಚಿದರು. ಎರಡು ದಿನದ ಹಿಂದೆಯೇ ಬಿಚ್ಚಬೇಕಿದ್ದ ಸೀಟು ಅದು. ಅಕ್ಕ ಬೆರಳಲ್ಲಿ ಅದೇ ಗೆರೆಯನ್ನು ತೋರಿಸಿದಳು, ಮಗಳು ಅಲ್ಲಿಯವರೆಗೂ ಕತ್ತರಿಸಿದಳು. ಸಾಹೇಬರು ಅಭ್ಯಾಸಬಲದಿಂದ ಮುಸುಕಿಗೆ ಕೈಚಾಚಿದರು. ಅಕ್ಕ ಅದನ್ನು ಎತ್ತಿ ಮಗಳ ತಲೆಗೆ ಹಾಕಿ, ಪಟ್ಟಿ ಬಿಗಿ ಮಾಡಿದಳು.

"ಸಾಹೇಬ್ರೇ," ಎಂದಳು, ಮೊದಲ ಸಲ ಕೊಂಕಿಲ್ಲದ ದನಿಯಲ್ಲಿ, "ನೀವು ಟಾರ್ಚ್ ಹಿಡ್ಕೊಳ್ಳಿ."

ಸಾಹೇಬರು ಮಂಡಿಯೂರಿ ಕೂತು ಟಾರ್ಚ್ ಹಿಡಿದರು. ಮಗಳು ಒಂದು ಚುಕ್ಕಿ ಹಾಕಿ, ಒದ್ದೆ ಬಟ್ಟೆ ಇಟ್ಟು, ತಗಡು ಆರುವವರೆಗೆ ಸುಮ್ಮನೆ ಕಾದಳು.